ಕಚ್ಚಿದ ಸೀಸದ ಗುಂಡು

ಕಣ್ಣಮ್ಮನ ಕೈಯಿಂದ ಜಾರಿದ ಗೊಂಬೆಯ ತಲೆ ಮೇಜಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಉರುಳುತ್ತಾ ಬಂದು ಇನ್‌ಸ್ಪೆಕ್ಟರನ ಬೂಟಿನ ಪಕ್ಕ ನಿಂತಿತು. ಅದರ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಅವನನ್ನೇ ನೋಡುತ್ತಿತ್ತು.

"ಬೆಳಗ್ಗೆಯಿಂದ ಇದು ಐದನೇದು," ಎಂದಳು ಕಣ್ಣಮ್ಮ.

ಇನ್‌ಸ್ಪೆಕ್ಟರ್ ಬಗ್ಗಿ ತಲೆಯನ್ನು ಎತ್ತಿ ಮೇಜಿನ ಮೇಲಿಟ್ಟ. "ಬಲಗೈ ಮುಂದಕ್ಕೆ ಚಾಚಿ. ಅಂಗೈ ಕೆಳಗಿರಲಿ. ಈಗ ಬೆರಳುಗಳನ್ನ ಮೇಲಕ್ಕೆ ಎತ್ತಿ ನೋಡೋಣ."

ತೋಳು ಬಂತು, ಹಸ್ತ ಬರಲಿಲ್ಲ. ಮಣಿಕಟ್ಟಿನಿಂದಾಚೆ ಅದು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮುಂಗೈಯ ಚರ್ಮದ ಕೆಳಗೆ ಏನೋ ಸಣ್ಣಗೆ ಅದುರಿತು, ನಿಂತಿತು, ಮತ್ತೆ ಒಂದಂಗುಲ ಆಚೆ ಅದುರಿತು. ಒಳಗೊಂದು ಹುಳು ದಾರಿ ಹುಡುಕುತ್ತಿದೆ ಎನ್ನಬೇಕು, ಹಾಗೆ. ಕಣ್ಣಮ್ಮ ಅದನ್ನು ಯಾರದೋ ಕೈಯನ್ನು ನೋಡುವಂತೆ ನೋಡಿದಳು.

"ನೋವಿದೆಯಾ?"

"ಇಲ್ಲ ಸಾಹೇಬ್ರೇ. ನೋವಿದ್ದಿದ್ರೆ ನನ್ನ ಕೈ ಅಂತಾದ್ರೂ ಅನ್ನಿಸ್ತಿತ್ತು."

ಈ ಇನ್‌ಸ್ಪೆಕ್ಟರನಿಗೆ ಠಾಣೆಯಲ್ಲಿ 'ನಿಧಾನಿ' ಎಂದು ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು, ಕೊನೆಗೆ ಅವನೂ ಓಗೊಡತೊಡಗಿದ. ಬೇರೆಯವರು ಮೂರು ಕೇಸು ಮುಗಿಸುವಷ್ಟರಲ್ಲಿ ಅವನು ಒಂದನ್ನು ಮುಗಿಸುತ್ತಿದ್ದ. ಆದರೆ ಅವನು ಮುಗಿಸಿದ ಕೇಸು ಮತ್ತೆ ಬಾಗಿಲು ತಟ್ಟಿದ್ದಿಲ್ಲ. ಹನ್ನೊಂದು ದಿನದ ಹಿಂದೆ ಹಿತ್ತಲಿನ ಗೋದಾಮಿಗೆ ಬೆಂಕಿ ಬಿದ್ದು ಈ ಗೊಂಬೆ ಕಾರ್ಖಾನೆಯ ಯಜಮಾನರು ಒಳಗೇ ಕರಕಲಾದಂದಿನಿಂದ ಅವನು ದಿನವೂ ಇಲ್ಲಿಗೆ ಬಂದು ಕೂರುತ್ತಿದ್ದ.

ಕೆಲಸದವರ ಪ್ರಕಾರ ಕೇಸೇ ಇರಲಿಲ್ಲ, ಇದ್ದದ್ದು ಕುರ್ಚಿ. ಕಿಟಕಿಯ ಪಕ್ಕದ ಈ ಮರದ ಕುರ್ಚಿ. ಗೊಂಬೆಗೆ ಕಣ್ಣು ಕೂರಿಸುವವರು ಕೂರುವ ಜಾಗ ಅದು. ಮೊದಲು ಅಲ್ಲಿ ಎಲ್ಲರೂ ತಾತ ಎನ್ನುತ್ತಿದ್ದ ಮುದುಕ ಕೂರುತ್ತಿದ್ದ. ಅವನ ಕೈ ಸೋತು, ಮೈಯೆಲ್ಲ ಅದುರಿ, ಎರಡು ವರ್ಷದ ಹಿಂದೆ ಹಾಸಿಗೆಯಲ್ಲೇ ಹೋದ. ಆಮೇಲೆ ಯಜಮಾನರೇ ಕೂತರು, ಅವರ ಕೈಯೂ ಸೋತಿತು. ಅವರಿಂದ ಆಗದೆ ಹೋದಾಗ ಕಣ್ಣಮ್ಮ ಕೂತಳು. ಈಗ ಅವಳದೂ ಅದೇ ಕಥೆ.

ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಕೆಲಸವೇ ಹೆಸರಾದವಳು ಕಣ್ಣಮ್ಮ. ಐವತ್ತೆಂಟರ ಹೆಂಗಸು, ಒಂಟಿ ಜೀವ, ಆ ಕೈಯನ್ನು ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಮಾತು ನಾಲ್ಕೈದು ದಿನದಿಂದ ಹಬ್ಬಿತ್ತು. ಸಂಜೆ ಕೆಲಸ ಬಿಡುವಾಗ ಕಣ್ಣಿಲ್ಲದ ತಲೆಗಳನ್ನು ಮೇಜಿನ ಮೇಲೆ ಬಿಟ್ಟು ಹೋದರೆ, ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಅವಕ್ಕೆ ಕಣ್ಣು ಬಂದಿರುತ್ತಿದ್ದವು. ಒಂದೆರಡಲ್ಲ, ಐವತ್ತು ಅರವತ್ತು. ತಾನು ಬೇಗ ಬಂದು ಮಾಡುತ್ತೇನೆ ಎಂದು ಕಣ್ಣಮ್ಮ ಹೇಳುತ್ತಿದ್ದಳು. ಹೊಲಿಗೆಯ ಹೆಂಗಸರು ತಲೆಯಾಡಿಸಿ, ಅವಳಿಲ್ಲದಾಗ ಬೇರೆಯೇ ಮಾತಾಡುತ್ತಿದ್ದರು. ಒಬ್ಬಳಂತೂ ಮೂರು ದಿನದಿಂದ ಕೆಲಸಕ್ಕೇ ಬಂದಿರಲಿಲ್ಲ.

ದೂರದಲ್ಲಿ ಗೂಡ್ಸ್ ರೈಲು ಕೂಗಿತು. ನಿಧಾನಿ ತಡೆಯಲಾರದೆ ಮೇಲೆ ನೋಡಿದ.

ಅಟ್ಟದ ತೊಲೆಗಳಿಗೆ ಕಬ್ಬಿಣದ ಸರಳುಗಳನ್ನು ಕಟ್ಟಿ, ಅವುಗಳಲ್ಲಿ ಕಣ್ಣು ಕೂರಿಸಿದ ತಲೆಗಳನ್ನು ಅಂಟು ಆರಲೆಂದು ಸಾಲುಸಾಲಾಗಿ ತೂಗುಹಾಕಿದ್ದರು. ಮೆಟ್ಟಿಲಿನಿಂದ ಕಿಟಕಿಯವರೆಗೆ ಎಂಟು ಸಾಲು. ರೈಲು ಹತ್ತಿರವಾಗುತ್ತಲೇ ಗೋಡೆ ಅದುರಿತು, ತೊಲೆ ಅದುರಿತು, ನೂರಾರು ತಲೆಗಳು ಒಟ್ಟಿಗೆ ಕಣ್ಣು ಮಿಟುಕಿಸಿದವು. ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ಆ ಸಣ್ಣ ಟಕಟಕ ಸದ್ದು ರೈಲು ಹೋದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಐದು ದಿನದಿಂದ ನೋಡುತ್ತಿದ್ದರೂ ನಿಧಾನಿಗೆ ಅದು ರೂಢಿಯಾಗಿರಲಿಲ್ಲ.

"ಎರಡು ಹತ್ತರ ಗಾಡಿ," ಎಂದಳು ಕಣ್ಣಮ್ಮ. "ಇನ್ನು ನಾಲ್ಕು ನಲವತ್ತರವರೆಗೂ ಮಕ್ಕಳು ಕಣ್ಣು ಮಿಟುಕಿಸಲ್ಲ."

ಬೆಳಗ್ಗೆ ನಿಧಾನಿ ನರರೋಗದ ಡಾಕ್ಟರಮ್ಮನ ಹತ್ತಿರ ಕೂತು ಬಂದಿದ್ದ. ಯಜಮಾನರೂ ಕಣ್ಣಮ್ಮನೂ ತೋರಿಸಿಕೊಂಡದ್ದು ಅವರ ಹತ್ತಿರವೇ. ಕೈ ಸೋಲುವುದಕ್ಕೆ ಕಾರಣ ಒಂದಲ್ಲ ಎಂದು ಅವರು ಕಾಗದದ ಮೇಲೆ ಗೀಚುತ್ತಾ ಹೇಳಿದ್ದರು. ಮೊಣಕೈಯನ್ನು ಮೇಜಿಗೆ ಊರಿ ಊರಿ ಅಲ್ಲಿನ ನರ ಜಜ್ಜಿದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಕತ್ತಿನ ಮೂಳೆ ಸವೆದು ನರವನ್ನು ಒತ್ತಿದರೆ ನೋವು ತೋಳಿಗೆ ಇಳಿಯುತ್ತದೆ. ಥೈರಾಯಿಡ್ ಕೆಟ್ಟರೂ ಬಲ ಕುಗ್ಗಬಹುದು. ಮಾಂಸಖಂಡ ಅದುರುವುದಂತೂ ಯಾರಿಗೂ ಆಗಬಹುದು, ಬಲ ಕಡಿಮೆಯಾಗದೆ ಬರೀ ಅದುರಿದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಅಷ್ಟರಲ್ಲಿ ಮೇಜಿನ ಮೇಲಿದ್ದ ನಿಧಾನಿಯ ಹೆಬ್ಬೆರಳೇ ಪಟಪಟ ಕುಣಿಯಿತು. ಅವನು ಅದನ್ನು ಮೆಲ್ಲಗೆ ಮೇಜಿನ ಕೆಳಗೆ ಎಳೆದುಕೊಂಡ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಹಾಗಾಯ್ತು," ಎಂದು ಡಾಕ್ಟರಮ್ಮ ನಕ್ಕಿದ್ದರು. "ನಿಮ್ಮದು ನಿದ್ದೆಗೇಡು, ಮೇಲೆ ದಿನಕ್ಕೆ ಹತ್ತು ಕಾಫಿ. ಎಲ್ಲಿ, ನನ್ನ ಕೈ ಬಿಗಿಯಾಗಿ ಹಿಡೀರಿ. ಹೂಂ, ಬಲ ಇದೆ. ಹೋಗಿ ಮಲಗಿ."

ಆಮೇಲೆ ಅವರ ನಗು ಆರಿತ್ತು. ಕಣ್ಣಮ್ಮನಿಗೆ ಜೋಮಿಲ್ಲ, ನೋವಿಲ್ಲ. ಬಲ ಇಳಿಯುತ್ತಿದೆ, ಖಂಡ ಕರಗುತ್ತಿದೆ, ಅದುರುತ್ತಿದೆ. ಹೀಗಾದಾಗ ಎರಡು ದಾರಿ ಕಾಣುತ್ತವೆ. ಒಂದು, ಬೆನ್ನುಹುರಿಯಲ್ಲಿ ಚಲನೆಯ ನರಕೋಶಗಳೇ ಒಂದೊಂದಾಗಿ ಸಾಯುವ ರೋಗ. ಅದಕ್ಕೆ ವಾಸಿಯಾಗುವ ಔಷಧಿಯಿಲ್ಲ, ಕೈಯಿಂದ ಕಾಲಿಗೆ, ಕಾಲಿಂದ ಗಂಟಲಿಗೆ, ಕೊನೆಗೆ ಉಸಿರಿಗೆ ಬರುತ್ತದೆ. ತಾತನಿಗೆ ಬರೆದದ್ದು ಅದನ್ನೇ. ಇನ್ನೊಂದು, ವಿಷ. ಕೆಲವು ಲೋಹಗಳು ಮೈಯಲ್ಲಿ ಸೇರುತ್ತಾ ಬಂದರೆ ಅದೇ ರೋಗದ ವೇಷ ಹಾಕಿಕೊಂಡು ಬರುತ್ತವೆ. ವಿಷವಾದರೆ, ಒಳಗೆ ಹೋಗುವುದನ್ನು ನಿಲ್ಲಿಸಿ ಔಷಧಿ ಕೊಟ್ಟರೆ ಬಹುಪಾಲು ಬಲ ವಾಪಸು ಬರುತ್ತದೆ. ಯಾವುದೆಂದು ತಿಳಿಯಲು ಒಂದು ಚಮಚದಷ್ಟು ರಕ್ತ ಸಾಕು.

"ಕಣ್ಣಮ್ಮನ್ನ ಮೂರು ಸಲ ಕೇಳಿದೆ, ಕೊಡಲ್ಲ ಅಂದರು," ಎಂದಿದ್ದರು ಡಾಕ್ಟರಮ್ಮ. "ಬದುಕೋ ದಾರಿ ಇರಬಹುದು ಅಂತ ಹೇಳಿದರೂ ಒಲ್ಲೆ ಅನ್ನೋರನ್ನ ನಾನು ಇದೇ ಮೊದಲು ನೋಡಿದ್ದು. ನೀವು ಬೇಗ ಒಪ್ಪಿಸಿ. ಇನ್ನೊಂದು ತಿಂಗಳು ಹೋದರೆ ನಾನು ಏನೂ ಹೇಳಲಾರೆ."

ಠಾಣೆಯ ದೊಡ್ಡ ಸಾಹೇಬರಿಗೆ ರಕ್ತವೂ ಬೇಕಿರಲಿಲ್ಲ. ಯಜಮಾನರ ಮಗ ಅಪ್ಪನಿಗೆ ದಿನಾ ರಾತ್ರಿ ಟಾನಿಕ್ ಕುಡಿಸುತ್ತಿದ್ದ, ಕಾರ್ಖಾನೆ ಈಗ ಅವನ ಪಾಲು, ಇನ್ನೇನು ಬೇಕು ಎಂಬುದು ಅವರ ವಾದ. ಟಾನಿಕ್ ಬಾಟಲಿಯಲ್ಲಿ ಟಾನಿಕ್ಕೇ ಇತ್ತು ಎಂದು ಪ್ರಯೋಗಾಲಯದವರು ಬರೆದುಕೊಟ್ಟಿದ್ದರೂ ಅವರ ತಲೆಗೆ ಹೋಗಿರಲಿಲ್ಲ. ಸಂಜೆ ಐದರೊಳಗೆ ಬೇರೆ ಏನಾದರೂ ತಾ, ಇಲ್ಲದಿದ್ದರೆ ಹುಡುಗನನ್ನು ತಾ ಎಂದಿದ್ದರು.

ನಿಧಾನಿಯ ಚೀಲದಲ್ಲಿ ಬೇರೆ ಏನೋ ಇತ್ತು. ಆದರೆ ಅದು ಯಾವ ಬೀಗದ ಕೀಲಿಕೈ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಅದು ಸುಟ್ಟ ಗೋದಾಮಿನ ಒಳಚಿಲಕ. ಗಾಳಿಗೆ ಬಾಗಿಲು ಬಡಿಯುತ್ತದೆಂದು ಯಜಮಾನರು ಒಳಗೆ ಹೋದಾಗಲೆಲ್ಲ ಅದನ್ನು ಹಾಕಿಕೊಳ್ಳುತ್ತಿದ್ದರಂತೆ. ಹಾಕುವುದಕ್ಕೆ ಮೊಣಕೈಯಲ್ಲಿ ತಳ್ಳಿದರೆ ಸಾಕು, ತೆಗೆಯುವುದಕ್ಕೆ ಬೆರಳಲ್ಲಿ ಬಲ ಬೇಕು. ಬಲವಿರಲಿಲ್ಲ, ಹೋದರು. ದೇಹದ ಗುರುತು ಸಿಗುವಂತಿರಲಿಲ್ಲ. ಬೆರಳಿನ ಉಂಗುರ, ಸೊಂಟದ ಬೀಗದಕೈ ಗೊಂಚಲು ನೋಡಿ ಮಗ ಅಪ್ಪನೆಂದು ಹೇಳಿ ಅತ್ತಿದ್ದ. ಎಲ್ಲವೂ ಸರಿಯಾಗಿಯೇ ಇತ್ತು, ಚಿಲಕದ ಹಿಡಿಯೊಂದನ್ನು ಬಿಟ್ಟು. ಹೆಬ್ಬೆರಳು ದಪ್ಪದ ಆ ಕಬ್ಬಿಣ ಬಗ್ಗಿತ್ತು. ಬೆಂಕಿಯ ಕಾವಿಗೆ ಬಗ್ಗಿದೆ ಎಂದಿದ್ದರು ಅಗ್ನಿಶಾಮಕದವರು. ಕಾವಿಗೆ ಬಗ್ಗಿದ ಕಬ್ಬಿಣ ಕೆಳಕ್ಕೆ ಜೋಲುತ್ತದೆ. ಇದು ಅಡ್ಡಕ್ಕೆ, ಎಳೆಯುವವನ ಕಡೆಗೆ ಬಗ್ಗಿತ್ತು.

ಚಮಚ ಎತ್ತಲಾರದ ಕೈ ಕಬ್ಬಿಣ ಬಗ್ಗಿಸಿತೇ? ಪ್ರಾಣ ಹೋಗುವಾಗ ಎಲ್ಲಿಂದಲೋ ಬಲ ಬರುತ್ತದೆ ಎನ್ನುತ್ತಾರೆ. ನಿಧಾನಿ ಅದನ್ನೂ ಯೋಚಿಸಿ ನೋಡಿದ್ದ. ಇಲ್ಲದ ಖಂಡಕ್ಕೆ ಬಲ ಬರುವುದು ಎಲ್ಲಿಂದ ಎಂದು ಡಾಕ್ಟರಮ್ಮ ಕೇಳಿದ್ದರು.

"ಕಣ್ಣಮ್ಮ," ಎಂದ ಅವನು ಈಗ, ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡು. "ನನ್ನ ಮುಂದೆ ಒಂದು ಜೊತೆ ಕಣ್ಣು ಕೂರಿಸಿ ತೋರಿಸಿ."

"ನೋಡಿದ್ರಲ್ಲ, ಕೈ ನಿಲ್ಲಲ್ಲ."

"ಬೆಳಗ್ಗೆ ಅರವತ್ತು ಮಾಡಿದವರು ಮಧ್ಯಾಹ್ನ ಒಂದು ಮಾಡಲಾರಿರಾ?"

ಅವಳ ಮುಖ ಬಿಗಿಯಿತು. ನೆತ್ತಿ ತೆರೆದ ಒಂದು ತಲೆಯನ್ನು ಎಡಗೈಯಿಂದ ಎಳೆದುಕೊಂಡು ತೊಡೆಗಳ ನಡುವೆ ಸಿಕ್ಕಿಸಿದಳು. ತಂತಿಗೆ ಜೋಡಿಸಿದ ಎರಡು ಕಣ್ಣುಗಳನ್ನು ನೆತ್ತಿಯಿಂದ ಒಳಗಿಳಿಸಿ, ಗೂಡಿನಲ್ಲಿ ಕೂರಿಸಿದಳು. ಕಣ್ಣುಗಳ ಹಿಂದೆ ತಂತಿಯ ಸಣ್ಣ ಬಾಲ ಉಳಿಯಿತು. ಅದಕ್ಕೆ ತೂಕದ ಗುಂಡು ಬೀಳಬೇಕು. ಗೊಂಬೆಯನ್ನು ಮಲಗಿಸಿದಾಗ ಗುಂಡು ಜೋಲಿ ರೆಪ್ಪೆ ಮುಚ್ಚುತ್ತದೆ, ಎಬ್ಬಿಸಿದಾಗ ತೆರೆಯುತ್ತದೆ. ಜಗತ್ತಿನ ಮಕ್ಕಳೆಲ್ಲ ಜೀವವೆಂದು ನಂಬುವುದು ಆ ಬಟಾಣಿಯಷ್ಟು ಸೀಸವನ್ನು.

ತಟ್ಟೆಯಿಂದ ಒಂದು ಗುಂಡನ್ನು ಎತ್ತಿಕೊಂಡು ಅವಳು ಬಾಯಿಗೆ ಹಾಕಿಕೊಂಡಳು.

ನಿಧಾನಿ ಮುಂದಕ್ಕೆ ಬಾಗಿ ನೋಡಿದ. ಗುಂಡಿನಲ್ಲಿ ಒಂದು ಸೀಳು ಇತ್ತು. ಕಣ್ಣಮ್ಮ ತಲೆಯನ್ನು ಮುಖದ ಹತ್ತಿರ ತಂದು, ಸೀಳನ್ನು ನಾಲಿಗೆಯಿಂದ ತಿರುಗಿಸಿ ತಂತಿಗೆ ತೊಡಿಸಿ, ಕಚ್ಚಲು ಹೊರಟಳು. ಕಚ್ಚಲಾಗಲಿಲ್ಲ. ನೋವಿನಿಂದ ತುಟಿ ಹಿಂದಕ್ಕೆ ಸರಿಯಿತು. ಹಲ್ಲುಗಳೂ ಒಸಡೂ ಸೇರುವ ಕಡೆ, ಸೀಸದಕಡ್ಡಿಯಿಂದ ಎಳೆದ ಹಾಗೆ, ನೀಲಿಗಪ್ಪು ಗೆರೆ ಕಂಡಿತು.

ಅವಳು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ದಿನ ನಗುವಾಗಲೂ ಮಾತಾಡುವಾಗಲೂ ಅವಳ ಕೈ ಬಾಯಿಯ ಮುಂದೆ ಇರುತ್ತಿದ್ದುದು ನಾಚಿಕೆಗೆ ಎಂದುಕೊಂಡಿದ್ದ ನಿಧಾನಿ ತನ್ನನ್ನೇ ಬೈದುಕೊಂಡ.

"ಇದನ್ನ ಇಕ್ಕಳದಲ್ಲಿ ಒತ್ತಲ್ವಾ ಯಾರೂ?"

"ಮೊದಲು ಒತ್ತುತ್ತಿದ್ರು. ಇಕ್ಕಳಕ್ಕೆ ಅಳತೆ ತಿಳಿಯಲ್ಲ. ಒಂದಿಷ್ಟು ಜಾಸ್ತಿ ಒತ್ತಿದ್ರೆ ತಂತಿ ತಿರುಚಿ ಮೆಳ್ಳಗಣ್ಣು ಆಗುತ್ತೆ. ಹತ್ತರಲ್ಲಿ ನಾಲ್ಕು ವಾಪಸ್ ಬರ್ತಿದ್ವು. ಹಲ್ಲಿಗೆ ಗೊತ್ತಾಗುತ್ತೆ ಸಾಹೇಬ್ರೇ, ಎಲ್ಲಿ ನಿಲ್ಲಿಸಬೇಕು ಅಂತ."

ಅವಳ ದನಿಯಲ್ಲಿ ಈಗಲೂ ಕೆಲಸದ ಹೆಮ್ಮೆಯಿತ್ತು. ಮಾತಿನ ಬಿಸಿಯಲ್ಲಿ ಉಳಿದದ್ದನ್ನೂ ಹೇಳಿದಳು. ಆಗ ಅವಳು ಹೊಲಿಗೆಯ ಕಡೆಯಿದ್ದಳಂತೆ. ಮೆಳ್ಳಗಣ್ಣಿನ ಗೊಂಬೆಗಳ ರಾಶಿ ನೋಡಲಾರದೆ ಒಂದು ದಿನ ಈ ಮೇಜಿಗೆ ಬಂದು ಕಚ್ಚಿ ತೋರಿಸಿದಳು. ಅದು ಅವಳ ಅಮ್ಮನ ವಿದ್ಯೆ. ಅಮ್ಮ ಮೀನಿನ ಬಲೆ ಹೆಣೆಯುತ್ತಿದ್ದಳು, ಬಲೆಯ ಅಂಚಿಗೆ ಸೀಸದ ಗುಂಡುಗಳನ್ನು ಹಲ್ಲಿನಿಂದಲೇ ಕಚ್ಚಿ ಕೂರಿಸುತ್ತಿದ್ದಳು. ತಾತ ಒಂದೇ ದಿನದಲ್ಲಿ ಕಲಿತ. ಯಜಮಾನರು ಮೊದಲ ಗುಂಡಿಗೇ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡರು, ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಗೋಡೆಯ ಮೇಲಿನ ಫೋಟೋದಲ್ಲಿ ಯಜಮಾನರು ಆ ಮುರಿದ ಹಲ್ಲು ಕಾಣುವಂತೆಯೇ ನಗುತ್ತಿದ್ದರು. ಅಂದಿನಿಂದ ಒಂದು ಗೊಂಬೆಯೂ ವಾಪಸು ಬಂದಿರಲಿಲ್ಲ.

"ದಿನಕ್ಕೆ ಎಷ್ಟು ಕಚ್ಚುತ್ತಿದ್ರು?"

"ನೂರು. ನೂರಿಪ್ಪತ್ತು."

"ಊಟ?"

"ಇದೇ ಮೇಜಿನ ಮೇಲೆ."

ನಿಧಾನಿಗೆ ಈಗ ಹೇಳಲೇಬೇಕಾಗಿತ್ತು. ಹೇಳಲು ಮನಸ್ಸು ಬರಲಿಲ್ಲ. ಕಳ್ಳನಿಗೆ ಕಳ್ಳ ಎನ್ನುವುದು ಸುಲಭ. ತಪ್ಪೆಂದು ತಿಳಿಯದೆ ತಪ್ಪು ಮಾಡಿದವರಿಗೆ ಅದನ್ನು ತಿಳಿಸುವುದು ಹೇಗೆಂದು ಪೊಲೀಸ್ ತರಬೇತಿಯಲ್ಲಿ ಯಾರೂ ಕಲಿಸುವುದಿಲ್ಲ.

"ಕಣ್ಣಮ್ಮ, ಈ ಸೀಸ ವಿಷ. ಒಂದೇ ದಿನಕ್ಕೆ ಏನೂ ಮಾಡಲ್ಲ. ಎಂಜಲಿನ ಜೊತೆ ಚೂರುಚೂರೇ ಒಳಗೆ ಹೋಗಿ ಕೂರುತ್ತೆ. ಮೊದಲು ಹೊಟ್ಟೆ ಹಿಂಡುತ್ತೆ. ಒಸಡಿಗೆ ಗೆರೆ ಬೀಳುತ್ತೆ. ಆಮೇಲೆ ಕೈ ಹೀಗೆ ಜೋತು ಬೀಳುತ್ತೆ. ನಿಮ್ಮದು ಆ ವಾಸಿಯಾಗದ ಕಾಯಿಲೆ ಅಲ್ಲ ಅಂತ ನನಗನ್ನಿಸುತ್ತೆ. ರಕ್ತ ಕೊಟ್ರೆ ಸಾಯಂಕಾಲದೊಳಗೆ ಗೊತ್ತಾಗುತ್ತೆ."

ಒಳ್ಳೆಯ ಸುದ್ದಿ ಅದು. ಅವಳ ಮುಖ ಅರಳಬೇಕಿತ್ತು. ಬದಲಿಗೆ ಅದರ ಬಣ್ಣ ಇಳಿಯಿತು.

"ತಾತ?" ಎಂದಳು.

ನಿಧಾನಿ ಹೌದೆಂಬಂತೆ ತಲೆಯಾಡಿಸಿದ.

"ಅಮ್ಮನ ಕೈ ಕೊನೆಕೊನೆಗೆ ಹೀಗೇ ಇತ್ತು," ಎಂದಳು ಕಣ್ಣಮ್ಮ, ತನ್ನ ಹಸ್ತ ನೋಡುತ್ತಾ. "ಸೌಟು ಎತ್ತಕ್ಕಾಗ್ತಿರಲಿಲ್ಲ. ವಯಸ್ಸಾಯ್ತು ಅಂದ್ಕೊಂಡ್ವಿ. ನಾನೇ ತಿನ್ನಿಸ್ತಿದ್ದೆ. ಆವಾಗ ಅವಳಿಗೆ ನಲವತ್ತಾರು."

ಅವಳು ಕುರ್ಚಿಯ ತೋಳನ್ನು ಎಡಗೈಯಿಂದ ಸವರಿದಳು.

"ನಂಗೆ ಗೊತ್ತಿತ್ತು ಅಂತ ಅಲ್ಲ ಸಾಹೇಬ್ರೇ. ಗೊತ್ತಾಗಬಾರದು ಅಂತ ಇತ್ತು. ಡಾಕ್ಟರಮ್ಮ ರಕ್ತ ಕೇಳಿದಾಗ ವಿಷ ಇರಬಹುದು ಅಂದ್ರು. ಆವತ್ತು ರಾತ್ರಿ ಅಮ್ಮನ ಕೈ ಕನಸಿಗೆ ಬಂತು. ಎಲ್ಲರೂ ಕುರ್ಚಿ ಕುರ್ಚಿ ಅಂತಾರಲ್ಲ, ಕುರ್ಚಿಯೇ ಆಗಿರಲಿ ಅನ್ನಿಸ್ತು. ಕುರ್ಚಿ ಅಲ್ಲ ಅಂದ್ರೆ ನಾನು. ತಾತನ ಬಾಯಿಗೆ ಮೊದಲನೇ ಗುಂಡು ಇಟ್ಟೋಳು ನಾನು."

ಸಾವು ಬಂದರೂ ಸರಿ, ತಾನು ಕಾರಣ ಎಂಬ ಚೀಟಿ ಕೈಗೆ ಬರದಿದ್ದರೆ ಸಾಕು ಎಂದು ಒಬ್ಬ ಹೆಂಗಸು ಕೂತಿದ್ದಳು. ಸಮಾಧಾನ ಹೇಳಲು ಅವನಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕೆಲಸ ಮಾತ್ರ. ಎದ್ದು, ಪ್ರಯೋಗಾಲಯಕ್ಕೆ ಕಳಿಸಲು ಬೇಕೆಂದು ಮೂಲೆಯ ಡಬ್ಬದಿಂದ ಬೆಳಗ್ಗೆ ತಯಾರಾಗಿದ್ದ ಒಂದು ತಲೆಯನ್ನು ತೆಗೆದುಕೊಂಡ. ನೆತ್ತಿಯ ಮುಚ್ಚಳ ಬಿಚ್ಚಿ, ಜೇಬಿನಿಂದ ಭೂತಗನ್ನಡಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದ.

ಗುಂಡಿನ ಮೇಲೆ ಹಲ್ಲಿನ ಗುರುತು ಅಚ್ಚೊತ್ತಿದಂತೆ ಬಿದ್ದಿತ್ತು. ಎರಡು ಮುಂದಿನ ಹಲ್ಲು. ಒಂದು ನೇರವಾಗಿತ್ತು. ಇನ್ನೊಂದರ ಮೂಲೆ ಇರಲಿಲ್ಲ, ಗೆರೆ ಅರ್ಧಕ್ಕೇ ಓರೆಯಾಗಿ ನಿಂತಿತ್ತು.

ಅವನು ಇನ್ನೊಂದು ತಲೆ ತೆಗೆದ. ಅದೇ ಓರೆ. ಮೂರನೆಯದು, ನಾಲ್ಕನೆಯದು, ಏಳನೆಯದು. ಅದೇ ಓರೆ.

ನಿಧಾನಿ ಮೆಲ್ಲನೆ ತಿರುಗಿ ಗೋಡೆಯ ಫೋಟೋ ನೋಡಿದ. ಯಜಮಾನರು ನಗುತ್ತಲೇ ಇದ್ದರು.

ಹಳೆಯ ಸರಕಿರಬಹುದು ಎಂದು ಮನಸ್ಸು ಹೇಳಿತು. ಅದಕ್ಕೆ ಉತ್ತರ ಅವನ ನೋಟ್‌ಬುಕ್ಕಿನಲ್ಲೇ ಇತ್ತು. ಹಳೆಯ ತಲೆ, ಹಳೆಯ ಗುಂಡು, ಒಂದೂ ಉಳಿದಿರಲಿಲ್ಲ, ಎಲ್ಲವೂ ಗೋದಾಮಿನಲ್ಲಿ ಕರಗಿಹೋಗಿತ್ತು. ಈ ತಲೆಗಳನ್ನು ಅಚ್ಚು ಹೊಯ್ಯುವವನು ಬೆಂಕಿ ಬಿದ್ದ ಆರು ದಿನದ ಮೇಲೆ ತಂದು ಇಳಿಸಿದ್ದ. ಗುಂಡಿನ ಹೊಸ ಪೊಟ್ಟಣದ ದಾರವನ್ನು ಬಿಚ್ಚಿದ್ದು ನಿಧಾನಿಯ ಕಣ್ಣೆದುರಿಗೇ.

"ಕಣ್ಣಮ್ಮ, ಇವು ಯಾವಾಗ ಮಾಡಿದ್ದು?"

"ಬೆಳಗ್ಗೆ."

"ನಿಮ್ಮ ಹಲ್ಲು ಕಚ್ಚಲಾರದು. ಈಗ ತಾನೇ ನೋಡಿದೆ."

ಅವಳ ಯೋಚನೆ ಬೇರೆಲ್ಲೋ ಇತ್ತು. ನೆತ್ತಿ ತೆರೆದ ತಲೆ ಇನ್ನೂ ಅವಳ ತೊಡೆಗಳ ನಡುವೆಯೇ ಇತ್ತು, ತಂತಿಯಲ್ಲಿ ಗುಂಡು ಸಡಿಲವಾಗಿ ತೂಗುತ್ತಿತ್ತು. ಅವಳು ಅದನ್ನು ಬೆರಳಿನಿಂದ ಹೊರಗೆಳೆದು, ತುಂಬ ಹೊತ್ತು ನೋಡಿ, ಕಿಟಕಿಯಾಚೆ ಎಸೆದಳು.

"ಕಚ್ಚೋದು ಬಿಟ್ರೆ ಕೈ ವಾಪಸ್ ಬರುತ್ತೆ ಅಂದ್ರಲ್ಲ. ನಿಜಾನಾ?"

"ಬಹುಪಾಲು ಬರುತ್ತೆ. ಬೇಗ ಔಷಧಿ ಶುರು ಮಾಡಬೇಕು, ಅಷ್ಟೇ."

"ಇವತ್ತೇ ಬಿಟ್ರೆ?"

"ಇವತ್ತೇ ಬಿಟ್ರೆ."

"ಇಬ್ಬರಿಗೂ?"

ನಿಧಾನಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ತಾತ ಸತ್ತು ಎರಡು ವರ್ಷ. ಯಜಮಾನರು ಸತ್ತು ಹನ್ನೊಂದು ದಿನ. ಆ ಕುರ್ಚಿಯಲ್ಲಿ ಕೂತವರಲ್ಲಿ ಬದುಕಿರುವುದು ಕಣ್ಣಮ್ಮ ಒಬ್ಬಳೇ.

"ಇಬ್ಬರು ಅಂದ್ರೆ ಯಾರಮ್ಮ?"

ಗೋಡೆ ಗಡಿಯಾರದಲ್ಲಿ ಮೂರೂವರೆ. ರೈಲಿಗೆ ಇನ್ನೂ ಒಂದು ಗಂಟೆಗೂ ಮೇಲಿತ್ತು. ಹೊಲಿಗೆ ಯಂತ್ರಗಳ ಸದ್ದು ಆಗಲೇ ನಿಂತಿತ್ತು, ಹೆಂಗಸರು ಅಂಗಳದಲ್ಲಿ ಟೀ ಕುಡಿಯಲು ಹೋಗಿದ್ದರು. ಆ ನಿಶ್ಶಬ್ದದಲ್ಲಿ, ಮೆಟ್ಟಿಲಿನ ಹತ್ತಿರದ ಮೊದಲ ಸಾಲಿನ ತಲೆಗಳು ಟಕ್ಕೆಂದು ಕಣ್ಣು ಮಿಟುಕಿಸಿದವು.

ಆ ಸಾಲು ಮಾತ್ರ.

ಸ್ವಲ್ಪ ತಡೆದು ಎರಡನೆಯ ಸಾಲು ಮಿಟುಕಿಸಿತು. ಆಮೇಲೆ ಮೂರನೆಯದು. ಗೋಡೆ ಅದುರಲಿಲ್ಲ, ಗಾಜು ಅದುರಲಿಲ್ಲ. ಅಟ್ಟದ ಹಲಗೆಯ ಮೇಲೆ ಭಾರವೊಂದು ಹೆಜ್ಜೆಯಿಂದ ಹೆಜ್ಜೆಗೆ ಕಿಟಕಿಯ ಕಡೆ ಬರುತ್ತಿತ್ತು, ಅದು ಬಂದ ದಾರಿಯನ್ನು ಕೆಳಗಿನ ಕಣ್ಣುಗಳು ಹೇಳುತ್ತಿದ್ದವು. ಬೆಂಕಿಯ ಮರುದಿನ ನಿಧಾನಿಯೇ ಅಟ್ಟವನ್ನು ಹುಡುಕಿಸಿದ್ದ. ಹಳೆಯ ಅಚ್ಚುಗಳು, ಕೂದಲಿನ ಕಟ್ಟುಗಳು, ದೂಳು, ಇನ್ನೇನೂ ಇರಲಿಲ್ಲ. ಆಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಗೊಂಬೆಗಳ ಕೂದಲಿನ ಕಟ್ಟು ತರಬೇಕೆಂದು ಬೀಗದಕೈಯನ್ನು ಕಣ್ಣಮ್ಮ ಕೇಳಿ ಇಸಿದುಕೊಂಡಿದ್ದಳು. ಕೊಟ್ಟವನು ಅವನೇ.

ಎಂಟನೆಯ ಸಾಲು ಅವರ ನೆತ್ತಿಯ ಮೇಲೆಯೇ ಕಣ್ಣು ಮುಚ್ಚಿ ತೆರೆಯಿತು. ಅಲ್ಲಿಗೆ ಭಾರ ನಿಂತಿತು.

ಕಣ್ಣಮ್ಮ ಮೇಲೆ ನೋಡಲಿಲ್ಲ. ಮಕ್ಕಳು ಏಳಬಾರದೆಂದು ಮಾತಾಡುವವರ ಹಾಗೆ ದನಿ ತಗ್ಗಿಸಿದಳು.

"ನನ್ನ ಎಡಗೈ ಇನ್ನೂ ಆಡುತ್ತೆ ಸಾಹೇಬ್ರೇ. ಯಜಮಾನ್ರ ಹಲ್ಲು ಇನ್ನೂ ಗಟ್ಟಿ ಇದೆ. ನಾನು ಹಿಡ್ಕೊಂಡ್ರೆ ಅವರು ಕಚ್ತಾರೆ. ನಿನ್ನೆ ಸಂಜೆಯಿಂದ ಐವತ್ತೆಂಟು ಗುಂಡು, ನಾನೇ ಒಂದೊಂದಾಗಿ ಅವರ ಬಾಯಿಗೆ ಇಟ್ಟೆ." ಅವಳ ಕಣ್ಣು ತುಂಬಿ ಬಂತು. "ಅವರಿಗೂ ವಾಸಿಯಾಗುತ್ತಾ, ಅಷ್ಟು ಹೇಳಿ. ರಕ್ತ ಎಷ್ಟು ಬೇಕಾದ್ರೂ ಕೊಡ್ತೀನಿ."

ನಿಧಾನಿಯ ಕೈ ಚೀಲದೊಳಗೆ ಹೋಗಿ ಆ ತಣ್ಣನೆಯ ಕಬ್ಬಿಣವನ್ನು ಹಿಡಿದಿತ್ತು. ಯಜಮಾನರು ಮೇಲಿದ್ದರೆ, ಅವರ ಉಂಗುರ ತೊಟ್ಟು ಆ ಗೋದಾಮಿನೊಳಗೆ ನಿಂತು, ಹೊಗೆಯಲ್ಲಿ ಉಸಿರು ಕಟ್ಟುತ್ತಾ, ಬಲವಾದ ಎರಡು ಕೈಗಳಿಂದ ಈ ಚಿಲಕವನ್ನು ಬಗ್ಗುವ ತನಕ ಎಳೆದವನು ಯಾರು?